ಮೋತಿಯ ಹಿಂಗಾಲು

ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯರು ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ನಿಮ್ಮ ಸರ್ವಿಸಿನಲ್ಲಿ ಮರೆಯಲಾಗದ ಕೇಸ್ ಯಾವುದು?" ಬಾವಿಗೆ ಬಿದ್ದ ಎತ್ತು, ಹುಚ್ಚುನಾಯಿ ಕಚ್ಚಿದ ಹಸು, ಇಂಥದ್ದೇನಾದರೂ ಹೇಳುತ್ತೇನೆಂದು ಕಾಯುತ್ತಿರುತ್ತಾರೆ. ಮೊಲದ ಅಂಗಾಲಿನ ಹುಣ್ಣು ಎಂದರೆ ಮುಖ ಸಪ್ಪಗಾಗುತ್ತದೆ. ಆಗಲಿ. ನನಗೆ ಬುದ್ಧಿ ಕಲಿಸಿದ ಕೇಸ್ ಅದೇ. ಬಡ್ತಿ ಸಿಕ್ಕ ಕಥೆ, ವರ್ಗಾವಣೆ ತಪ್ಪಿಸಿಕೊಂಡ ಕಥೆ ಬರೆಯುವುದಕ್ಕೆ ಬೇರೆಯವರಿದ್ದಾರೆ.

ನಾನು ದನದ ಡಾಕ್ಟರು. ಹರಿಹರಕ್ಕೆ ಮೊದಲ ಸಲ ಕೆಲಸಕ್ಕೆ ಬಂದಾಗ ಒಬ್ಬ ರೈತ ಬಾಗಿಲಲ್ಲೇ ನಿಂತು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ ಕೇಳಿದ್ದ, "ಡಾಕ್ಟ್ರು ಎಲ್ಲಿ ಅದಾರ್ರಿ?" ನಾನೇ ಅಂದೆ. "ಅಲ್ಲವ್ವಾ, ಎಮ್ಮಿ ಹೊಟ್ಯಾಗ ಕರ ಅಡ್ಡ ಆಗೇತಿ. ಗಂಡಸ್ರು ಯಾರೂ ಇಲ್ಲೇನು?" ಅವನ ಹಟ್ಟಿಗೆ ಹೋಗಿ, ತೋಳು ಭುಜದವರೆಗೂ ಒಳಗೆ ಹಾಕಿ, ಒಂದು ಗಂಟೆ ಒದ್ದಾಡಿ ಕರುವನ್ನು ಜೀವಂತ ಎಳೆದು ಅವನ ಕಾಲ ಹತ್ತಿರ ಹಾಕಿದೆ. ಆಮೇಲೆ ಆ ಸುತ್ತಿನಲ್ಲಿ ಯಾರೂ ಗಂಡಸರನ್ನು ಕೇಳಲಿಲ್ಲ.

ಆ ದಿನದಿಂದ ನನಗೊಂದು ಜಂಭ ಬಂತು. ಎಮ್ಮೆ, ಎತ್ತು, ಹಸು ಇವೇ ಪ್ರಾಣಿಗಳು. ನಾಯಿಮರಿ, ಗಿಳಿ, ಮೊಲ ಇವೆಲ್ಲ ಮನೆಮಂದಿಯ ಆಟದ ಸಾಮಾನು ಎಂದು ಮೂಗು ಮುರಿಯುತ್ತಿದ್ದೆ. ಆ ಜಂಭದ ಫಲವನ್ನು ಮೊದಲು ಉಂಡದ್ದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಮೊಲ. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿದ್ದ ಒಬ್ಬ ಶಿಕ್ಷಕಿಯದು. ಕತ್ತಿನಲ್ಲಿ ಸಣ್ಣ ಗಾಯವಾಗಿತ್ತು. ನಾನು ನಾಯಿಮರಿಗೆ ಕೊಡುವ ಪೆನ್ಸಿಲಿನ್ ಜಾತಿಯ ಸಿರಪ್ಪನ್ನೇ ಬಾಯಿಗೆ ಹಾಕಲು ಹೇಳಿ ಕಳಿಸಿದೆ. ಮೊಲದ ಕರುಳಿಗೆ ಆ ಔಷಧಿ ವಿಷವೆಂದು ನನಗೆ ಗೊತ್ತಿರಲಿಲ್ಲ. ಭೇದಿ ಹತ್ತಿ ಮೂರನೆಯ ದಿನ ಸತ್ತಿತು. ಶಿಕ್ಷಕಿ ಕಣ್ಣೀರು ಹಾಕಿಕೊಂಡು ಬಂದಾಗ "ಮೊದಲೇ ಬಹಳ ನಿತ್ರಾಣ ಆಗಿತ್ತಮ್ಮ" ಎಂದುಬಿಟ್ಟೆ. ಹಸಿ ಸುಳ್ಳು. ಎರಡು ವಾರದ ನಂತರ ಪುಸ್ತಕ ತೆಗೆದು ಓದಿದಾಗ ಗೊತ್ತಾಯಿತು, ಕೊಂದವಳು ನಾನೇ. ಅವರಿಗೆ ಇವತ್ತಿಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಮುಂದೆ ಮಾಂಸಕ್ಕಾಗಿ ಮೊಲ ಸಾಕಣೆ ಎಂಬ ಹುರುಪು ಬಂತು. ಹರಿಹರದ ಹತ್ತಿರದ ಕೊಂಡಜ್ಜಿ ಕಡೆಯ ರೈತರಿಗೆ ತರಬೇತಿ ಕೊಡುವ ಕೆಲಸ ನನ್ನ ಹೆಗಲಿಗೆ ಬಿತ್ತು. ಗೂಡಿನ ತಳಕ್ಕೂ ತಂತಿ ಜಾಲರಿ ಹಾಕಿದರೆ ಹಿಕ್ಕೆ, ಉಚ್ಚೆ ಕೆಳಗೆ ಬಿದ್ದುಹೋಗುತ್ತದೆ, ರೋಗ ಕಡಿಮೆ ಎಂದು ನಾನು ಕಲಿತಿದ್ದೆ. ಮೂರ್ನಾಲ್ಕು ತಿಂಗಳಲ್ಲಿ ಮಾರಿಹೋಗುವ ಹಗುರ ಮರಿಗಳಿಗೆ ಅದು ಹೇಗೋ ನಡೆದೀತು. ವರ್ಷಗಟ್ಟಲೆ ಅದರ ಮೇಲೇ ಕೂರುವ ದೊಡ್ಡ ಮೊಲದ ಗತಿ ಏನು ಎಂದು ನಾನು ಯೋಚಿಸಲಿಲ್ಲ. ನಾಯಿ, ಬೆಕ್ಕಿಗೆ ಇರುವಂಥ ಮೆತ್ತನೆಯ ದಿಂಬು ಮೊಲದ ಅಂಗಾಲಿಗೆ ಇಲ್ಲ. ಇರುವುದು ಬರೀ ರೋಮ. ನಾನೇ ಕೂತು ಒಂದು ಕರಪತ್ರ ಬರೆದೆ, ಗೂಡಿನ ಚಿತ್ರವನ್ನೂ ನಾನೇ ಬಿಡಿಸಿದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: "ತಳಕ್ಕೂ ಜಾಲರಿಯೇ ಇರಲಿ, ಹಲಗೆ ಬೇಡ." ನನ್ನ ಮೇಲಿನ ಸಾಹೇಬರು ಓದಿ "ಚೊಕ್ಕಟ ಬರೆದಿದ್ದೀರಿ" ಎಂದರು. ರೈತರಿಗಷ್ಟೇ ಅಲ್ಲದೆ ಹರಿಹರದ ವೆಲ್ಡಿಂಗ್ ಅಂಗಡಿಗಳಿಗೂ ಹಂಚಿ ಬಂದೆ.

ಹುರುಪು ನಾಲ್ಕು ದಿನದಲ್ಲಿ ಇಳಿಯಿತು, ನಾನು ದಾವಣಗೆರೆಯ ಪಶು ಆಸ್ಪತ್ರೆಗೆ ವರ್ಗವಾಗಿ ಬಂದೆ. ನಾಲ್ಕೈದು ವರ್ಷ ಕಳೆದು ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಒಂದು ಬೆಳಿಗ್ಗೆ ಸುಮಾರು ನಲವತ್ತರ ಹೆಂಗಸೊಬ್ಬಳು ತರಕಾರಿ ಬುಟ್ಟಿಯ ಮೇಲೆ ದುಪಟ್ಟಾ ಹೊದಿಸಿಕೊಂಡು ಬಂದಳು. ಹೆಸರು ನಸ್ರೀನ್. ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ದಾವಣಗೆರೆಯದೇ ಆನೆಕೊಂಡದ ಮನೆಗೆ ಹೋಗಿ, ಯೂನಿಫಾರ್ಮ್ ಸಹ ಬದಲಿಸದೆ ಬಂದಿದ್ದಳು. ದುಪಟ್ಟಾ ತೆಗೆದರೆ ಒಳಗೆ ಬಿಳಿ ಮೊಲ.

"ಇದರ ಕಾಲು ನೋಡ್ರಿ ಡಾಕ್ಟರಮ್ಮಾರೆ. ಮೋತಿ ಅಂತ ಇದರ ಹೆಸ್ರು. ಎಂಟು ದಿನ ಆತು, ಕುಂತಲ್ಲೇ ಕುಂತಿರತೈತೆ."

ತಿರುಗಿಸಿ ನೋಡಿದೆ. ಎರಡೂ ಹಿಂಗಾಲಿನ ಅಡಿಯಲ್ಲಿ ರೋಮವೇ ಇರಲಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಹರಿದು ಕೆಂಪು ಮಾಂಸ ಕಾಣುತ್ತಿತ್ತು. ಎಡಗಾಲಿನದು ಆಳವಾಗಿತ್ತು, ಹಕ್ಕಳೆಯ ಕೆಳಗೆ ಕೀವು. ಉಗುರು ಉದ್ದ ಬೆಳೆದು ಭಾರವೆಲ್ಲ ಹಿಮ್ಮಡಿಗೆ ಬೀಳುತ್ತಿತ್ತು. ಮೈತೂಕವೂ ಜಾಸ್ತಿ. ಮುಟ್ಟಿದರೆ ಸದ್ದು ಮಾಡದೆ ಮೈಯನ್ನೆಲ್ಲ ಬಿಗಿ ಹಿಡಿಯಿತು. ಮೊಲಕ್ಕೆ ಎಷ್ಟು ನೋವಾದರೂ ಕೂಗುವುದು ಅಪರೂಪ.

ಹೊರಗೆ ಆರು ದನಗಳು ಕಾಯುತ್ತಿದ್ದವು. ನನಗೆ ತಾಳ್ಮೆ ಇರಲಿಲ್ಲ. "ಇದು ವಾಸಿಯಾಗೋದು ಕಷ್ಟ ಕಣಮ್ಮ. ಸುಮ್ನೆ ನೋವು ತಿನ್ನುತ್ತೆ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ" ಎಂದೆ.

ಅವಳು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನಮ್ಮ ವಾರ್ಡಿನಾಗ ಸೊಂಟದ ಮ್ಯಾಲೆ ಇದರ ಹತ್ತರಷ್ಟು ಹುಣ್ಣು ಆದೋರು ಅದಾರ್ರಿ. ಅವ್ರನ್ನ ಮಲಗಿಸಿಬಿಡ್ತೀವೇನು? ಇದು ಬೆಡ್‌ಸೋರ್ ರೀ. ಒಂದೇ ಕಡಿ ಭಾರ ಬಿದ್ದು ಬಿದ್ದು ಆಗಿದ್ದು. ಭಾರ ತಪ್ಪಿಸಿದ್ರ ಮಾಯತೈತೆ. ಹೆಂಗೆ ತಪ್ಪಿಸಬೇಕು ಅಷ್ಟು ಹೇಳ್ರಿ ನೀವು."

ಮೂವತ್ತಕ್ಕೂ ಹೆಚ್ಚು ವರ್ಷ ಸರ್ವಿಸ್ ಮಾಡಿದವಳಿಗೆ ನರ್ಸೊಬ್ಬಳು ಪಾಠ ಹೇಳುತ್ತಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಆದರೆ ಅವಳು ಹೇಳಿದ್ದು ನಿಜವಾಗಿತ್ತು. "ಮೊದಲು ಅದು ಎಲ್ಲಿ ಕೂರುತ್ತೆ ನೋಡಬೇಕು. ಸಾಯಂಕಾಲ ಮನೆಗೆ ಬರ್ತೀನಿ" ಎಂದು ಹೇಳಿ ಸದ್ಯಕ್ಕೆ ಕೈ ತೊಳೆದುಕೊಂಡೆ.

ಸಾಯಂಕಾಲ ಆನೆಕೊಂಡದ ಆ ಮನೆಯ ಹಿತ್ತಲಿಗೆ ಹೋದರೆ ಹಸಿರು ಬಣ್ಣ ಬಳಿದ ಗೂಡು. ಕೆಲಸ ಅಚ್ಚುಕಟ್ಟು, ಒಂದು ಮೂಲೆಯೂ ಚೂಪಾಗಿರಲಿಲ್ಲ. ತಳ ಮಾತ್ರ ಪೂರ್ತಿ ತಂತಿ. ನನ್ನ ನಾಲಿಗೆಗೆ ಹಿಡಿತ ತಪ್ಪಿತು.

"ಯಾವ ತಲೆಕೆಟ್ಟವನು ಮಾಡಿದ್ದು ಇದನ್ನ? ಬರಿಗಾಲಲ್ಲಿ ಅವನನ್ನ ಒಂದು ಗಂಟೆ ಇದರ ಮೇಲೆ ನಿಲ್ಲಿಸಬೇಕು!"

ಪಕ್ಕದಲ್ಲಿದ್ದ ನಸ್ರೀನ್‌ಳ ಗಂಡ ದಾದಾಪೀರ್ ಮೆಲ್ಲಗೆ ಹೇಳಿದ, "ನಾನೇ ರೀ ಮೇಡಂ." ಅವನದು ಹರಿಹರದಲ್ಲಿ ವೆಲ್ಡಿಂಗ್ ಅಂಗಡಿ. ಒಳಗೆ ಹೋಗಿ ಒಂದು ಹಾಳೆ ತಂದು ನನ್ನ ಕೈಗಿಟ್ಟ. ನಾನು ಬರೆದ ಕರಪತ್ರ. ಮಾಸಬಾರದೆಂದು ಲ್ಯಾಮಿನೇಷನ್ ಮಾಡಿಸಿದ್ದ.

"ಅಳತಿ ತಪ್ಪಬಾರದಂತ ಅಂಗಡ್ಯಾಗ ಗ್ವಾಡಿಗೆ ಹಾಕಿದ್ದೆ ಮೇಡಂ. ಇದನ್ನ ನೋಡೇ ಹತ್ತು ಹನ್ನೆರಡು ಗೂಡು ಮಾಡಿ ಕೊಟ್ಟೀನಿ. ಕೊಂಡಜ್ಜಿಯೋರು ಒಬ್ರು ಖುಷಿಯಾಗಿ ಈ ಮರಿ ಕೊಟ್ರು. ನಾಲ್ಕು ವರ್ಷ ಆತು. ಕೆಳಗ ಹಲಗಿ ಹಾಕೋಣಂತ ಮೊದ್ಲು ನನಗೂ ಅನಿಸಿತ್ತು. ನೀವು ಬ್ಯಾಡ ಅಂತ ಬರದಿದ್ರಿ."

ಅವನ ದನಿಯಲ್ಲಿ ಆರೋಪವೇ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅದು ಮಾಂಸದ ಮೊಲಕ್ಕೆ ಬರೆದದ್ದು ಎಂಬ ಸಬೂಬು ಬಾಯಿಗೆ ಬಂದಿತ್ತು. ನಸ್ರೀನ್ ಮೋತಿಯನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಶಿಕ್ಷಕಿಗೆ ಹೇಳಿದ ಸುಳ್ಳು ನೆನಪಾಗಿ ನಾಚಿಕೆಯಾಯಿತು.

"ತಪ್ಪು ನಂದು. ಅವನದಲ್ಲ, ನಿನ್ನದೂ ಅಲ್ಲ. ನಾನು ಬರೆದದ್ದೇ ತಪ್ಪು" ಎಂದೆ.

"ಆತು ಬಿಡ್ರಿ" ಎಂದಳು ನಸ್ರೀನ್. "ಈಗ ಏನ್ ಮಾಡಬೇಕು ಹೇಳ್ರಿ."

ದಾದಾಪೀರ್ ಆಗಲೇ ಕಟಿಂಗ್ ಪ್ಲೈಯರ್ ತಂದು ಕೂತು ತಂತಿಯ ತಳವನ್ನು ಕತ್ತರಿಸತೊಡಗಿದ್ದ. ಈ ಮೊಲ ತನ್ನ ಕಾಲ ಮೇಲೆ ನಿಲ್ಲುವವರೆಗೂ ಬಿಡುವುದಿಲ್ಲ ಎಂದು ನಾನು ಅಲ್ಲಿಯೇ ಹಟ ತೊಟ್ಟೆ.

ಹಟ ತೊಡುವುದು ಸುಲಭ, ವಿದ್ಯೆ ಬೇಕಲ್ಲ. ನಮ್ಮ ಕಾಲೇಜಿನ ದಿನಗಳಲ್ಲಿ ಮೊಲಕ್ಕೆ ಮೀಸಲಾಗಿದ್ದದ್ದು ಒಂದೆರಡು ಪುಟ. ಹೋದ ವರ್ಷವಷ್ಟೇ ಪಾಸಾಗಿ ಸಣ್ಣ ಪ್ರಾಣಿಗಳ ಕ್ಲಿನಿಕ್ಕಿಗೆ ಸೇರಿದ್ದ ಹುಡುಗಿ ಕಾವ್ಯಾಳಿಗೆ ಫೋನ್ ಮಾಡಿ, ನನಗೇನೂ ಗೊತ್ತಿಲ್ಲ, ಮೊದಲಿನಿಂದ ಹೇಳು ಎಂದೆ. ಪಾಪ, ನಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡು ಮಾತು ತಡವರಿಸಿದಳು. ನೋವಿನ ಔಷಧಿ ಯಾವುದು, ಎಷ್ಟು, ಬಾಯಿಗೆ ಏನು ಹಾಕಬಾರದು, ಎಲ್ಲವನ್ನೂ ಅವಳಿಂದ ಬರೆದುಕೊಂಡೆ. ನಿಮಗಿಂತ ಕಿರಿಯರನ್ನು ಕೇಳಲು ಅರವತ್ತು ವರ್ಷದವರೆಗೆ ಕಾಯಬೇಡಿ.

ನೆಲದ್ದೇ ದೊಡ್ಡ ರಾಮಾಯಣವಾಯಿತು. ರಬ್ಬರ್ ಮ್ಯಾಟ್ ಹಾಕಿದೆವು, ಉಚ್ಚೆ ನಿಂತು ಕಾಲು ಒದ್ದೆಯಾಯಿತು. ಹಳೇ ಜಮಖಾನ ಹಾಕಿದರೆ ಅದನ್ನೇ ಕಡಿದು ತಿನ್ನಲು ಶುರುಮಾಡಿತು. ಕೊನೆಗೆ ಹಲಗೆಯ ಮೇಲೆ ಹಳೇ ಬಟ್ಟೆ ಹೊಲಿದ ಕೌದಿ, ಅದರ ಮೇಲೆ ಗೇಣು ದಪ್ಪಕ್ಕೆ ಭತ್ತದ ಒಣಹುಲ್ಲು. ದಿನಕ್ಕೆರಡು ಸಲ ಹುಲ್ಲು ಬದಲಾಯಿಸಬೇಕು. ದಾದಾಪೀರ್ ಹರಿಹರದಿಂದ ಬರುವಾಗ ಗಾಡಿಯ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ. ಮನೆಯಲ್ಲಿ ಎಮ್ಮೆ ಕಟ್ಟಿದ್ದೀಯಾ ಎಂದು ದಾರಿಯಲ್ಲಿ ಕೇಳಿದವರಿಗೆ ಹೂಂ ಅನ್ನುತ್ತಿದ್ದನಂತೆ.

ಮೊದಲ ದಿನ ಬ್ಯಾಂಡೇಜ್ ಕಟ್ಟಿದವಳು ನಾನು. ಮರುದಿನ ಬೆಳಿಗ್ಗೆ ನಸ್ರೀನ್ ಫೋನಿಗೆ ಫೋಟೋ ಕಳಿಸಿದಳು, ಪಾದ ಊದಿಕೊಂಡಿತ್ತು. ಓಡಿಹೋದೆ. ಅವಳು ಆಗಲೇ ಬಿಚ್ಚಿದ್ದಳು. "ಎತ್ತಿನ ಗೊರಸಿಗೆ ಕಟ್ಟಿದಂಗ ಕಟ್ಟೀರಲ್ರಿ" ಎಂದು ನಕ್ಕು, ಸಲೈನಿನಲ್ಲಿ ತೊಳೆದು, ಒತ್ತದೆ ಒರೆಸಿ, ಹತ್ತಿ ಇಟ್ಟು, ಗಾಳಿಯಾಡುವಷ್ಟು ಸಡಿಲವಾಗಿ ಸುತ್ತಿ ತೋರಿಸಿದಳು. ಆಮೇಲೆ ಕಟ್ಟುವ ಕೆಲಸ ಅವಳದು, ಹಿಡಿದುಕೊಳ್ಳುವ ಕೆಲಸ ನನ್ನದು. ಬ್ಯಾಂಡೇಜ್ ಕಚ್ಚಬಾರದೆಂದು ಮೇಲೆ ಕೂಸಿನ ಕಾಲುಚೀಲ ಹಾಕಿದಳು. ಮೋತಿ ಒಂದು ಕಾಲುಚೀಲದ ಅರ್ಧ ನುಂಗಿತು. ಎರಡು ದಿನ ಮೂವರೂ ಅದರ ಹಿಕ್ಕೆ ಕೆದಕುತ್ತಾ ಕೂತ ಮೇಲೆ ನೂಲು ಹೊರಬಂತು.

ಮೈತೂಕದ ಗುಟ್ಟು ತಿಳಿಯಲು ಒಂದು ವಾರ ಬೇಕಾಯಿತು. ಸೊಪ್ಪು, ಹುಲ್ಲು ಬಿಟ್ಟು ಏನೂ ಕೊಡುವುದಿಲ್ಲ ಎಂದು ಇಬ್ಬರೂ ಆಣೆ ಮಾಡುತ್ತಿದ್ದರು. ಒಂದು ಸಂಜೆ ಹೇಳದೆ ಹೋದರೆ ದಾದಾಪೀರ್ ಮಂಡಕ್ಕಿ ತಿನ್ನುತ್ತಾ ಕೂತಿದ್ದಾನೆ, ತನಗೊಂದು ಮುಕ್ಕು, ಮೊಲಕ್ಕೊಂದು ಹಿಡಿ.

"ಖಾರದ್ದಲ್ರೀ ಮೇಡಂ. ಬರೀ ಮಂಡಕ್ಕಿ" ಎಂದ.

"ದಾವಣಗೆರೆಯವರೆಲ್ಲ ತಿನ್ನಲಿ, ಇದಕ್ಕೆ ಬ್ಯಾಡ" ಎಂದು ಗದರಿದೆ. ಅವತ್ತಿನಿಂದ ಅವನೂ ಮನೆಯಲ್ಲಿ ಮಂಡಕ್ಕಿ ಬಿಟ್ಟ. ಅದರ ಮುಂದೆ ಕೂತು ತಿನ್ನಲು ಮನಸ್ಸು ಬರುವುದಿಲ್ಲ ಎಂದ.

ಹುಣ್ಣು ಮಾಯುತ್ತಿದೆಯೋ ಇಲ್ಲವೋ ಎಂದು ನಾವು ಹಳಬರು ಕಣ್ಣಂದಾಜಿನಲ್ಲಿ ಹೇಳುತ್ತಿದ್ದೆವು. ನಸ್ರೀನ್‌ಗೆ ಅಂದಾಜು ಆಗದು. ಪ್ರತಿ ಭಾನುವಾರ ಶುದ್ಧ ಮಾಡಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹುಣ್ಣಿನ ಮೇಲಿಟ್ಟು ಪೆನ್ನಿನಿಂದ ಅದರ ಅಂಚು ಬರೆದು, ಹೋದ ವಾರದ್ದರ ಮೇಲಿಟ್ಟು ನೋಡುತ್ತಿದ್ದಳು. ವಾರ್ಡಿನಲ್ಲಿ ಹೀಗೇ ಮಾಡುತ್ತಾರಂತೆ. ಬಲಗಾಲಿನ ಗೆರೆ ಒಳಗೆ ಸರಿಯುತ್ತಿತ್ತು. ಎಡಗಾಲಿನದು ಇದ್ದಲ್ಲೇ ಇತ್ತು. ಈ ಪದ್ಧತಿಯನ್ನು ಆಮೇಲೆ ನಾನು ಎತ್ತಿನ ಹೆಗಲ ಹುಣ್ಣಿಗೂ ಬಳಸಿದೆ. ನೀವೂ ಬಳಸಿ.

ಈ ನಡುವೆ ಸಾಹೇಬರ ಹತ್ತಿರ ಹೋಗಿ ಕರಪತ್ರ ತಿದ್ದಿ ಮತ್ತೆ ಅಚ್ಚು ಹಾಕಿಸಬೇಕು ಎಂದೆ. ಕನ್ನಡಕ ಕೆಳಗಿಳಿಸಿ ನೋಡಿದರು. "ರಿಟೈರ್ ಆಗೋ ಹೊತ್ತಲ್ಲಿ ಮೊಲ ಆಡಿಸ್ತಾ ಕೂತಿದೀರಂತೆ ಮೇಡಂ? ಹಂಚಿದ್ದು ಹಂಚಿ ಆಯ್ತು. ಈಗ ತಪ್ಪು ಅಂದ್ರೆ ಜನ ನಾವು ಹೇಳಿದ ಬೇರೇದನ್ನೂ ನಂಬೋದಿಲ್ಲ."

"ನಂಬದಿದ್ರೆ ಬಿಡ್ಲಿ ಸಾರ್, ಆ ಪ್ರಾಣಿಗಳ ಕಾಲು ಉಳೀಲಿ" ಎಂದು ಎದ್ದು ಬಂದೆ. ಉಳಿದಿದ್ದ ಕರಪತ್ರಗಳ ಕಟ್ಟನ್ನು ಊಟದ ಬಿಡುವಿನಲ್ಲಿ ಬಿಚ್ಚಿಕೊಂಡು ಕೂತು ಆ ದಪ್ಪ ಸಾಲನ್ನು ಒಂದೊಂದಾಗಿ ಹೊಡೆದುಹಾಕಿ, ಪಕ್ಕದಲ್ಲಿ "ಹಲಗೆ, ಒಣಹುಲ್ಲು ಕಡ್ಡಾಯ" ಎಂದು ಕೈಯಲ್ಲಿ ಬರೆದು ಸಹಿ ಹಾಕಿದೆ. ಭಾನುವಾರಗಳಂದು ದಾದಾಪೀರ್ ಮಾಡಿದ ಗೂಡು ಇದ್ದ ಮನೆಗಳನ್ನು ಹುಡುಕಿಕೊಂಡು ಹೊರಟೆವು. ಅವನ ಗಾಡಿಯಲ್ಲಿ ಅಳತೆಗೆ ಕೊಯ್ದ ಹಲಗೆ, ನನ್ನ ಸ್ಕೂಟರಿನಲ್ಲಿ ಔಷಧಿ. ಕೆಲವರು ಮೊಲ ಸಾಕುವುದನ್ನೇ ಬಿಟ್ಟಿದ್ದರು. ಕೊಂಡಜ್ಜಿಯಲ್ಲಿ ಒಬ್ಬರು ಹಿರಿಯರು ಸೊಂಟಕ್ಕೆ ಕೈಕೊಟ್ಟು ನಿಂತರು.

"ಅವತ್ತು ಹಲಗಿ ಬ್ಯಾಡ ಅಂತ ಮೈಕಿನಾಗ ಹೇಳಿದ್ರಿ. ಇವತ್ತು ಹಾಕು ಅಂತೀರಿ. ಯಾವುದು ಖರೆ ರೀ ಯವ್ವಾ?"

"ಇವತ್ತಿಂದು" ಎಂದೆ. ಅವರ ಎರಡು ಮೊಲಗಳ ಅಂಗಾಲನ್ನು ಅವರಿಗೇ ತಿರುಗಿಸಿ ತೋರಿಸಿದೆ. ಆಮೇಲೆ ಹಲಗೆ ಒಳಗೆ ಹಾಕಲು ತಾವೇ ಕೈಹಚ್ಚಿದರು.

ಮಳೆಗಾಲ ಹಿಡಿಯಿತು. ಹುಲ್ಲು ಎಷ್ಟು ಒಣಗಿಸಿದರೂ ತೇವ. ಮೋತಿಯ ಎಡಗಾಲಿನಲ್ಲಿ ಮತ್ತೆ ಕೀವು ತುಂಬಿತು, ಹಿಮ್ಮಡಿ ಬಿಸಿಯಾಯಿತು. ಒಂದು ಬೆಳಿಗ್ಗೆ ಮೇವು ಮುಟ್ಟಲಿಲ್ಲ. ದನ ಒಂದು ದಿನ ಮೇವು ಬಿಟ್ಟರೆ ನಾಳೆ ನೋಡೋಣ ಎನ್ನಬಹುದು. ಮೊಲ ಬಿಟ್ಟರೆ ಅದರ ಕರುಳೇ ನಿಂತುಹೋಗುತ್ತದೆ. ಕಾವ್ಯಾ ಹೇಳಿದ ಔಷಧಿಯನ್ನು ಚರ್ಮದಡಿ ಚುಚ್ಚಿದೆ. ಚುಚ್ಚುವ ಮುಂಚೆ ಅವಳು ಹೇಳಿದ ಅಳತೆಯನ್ನು ಮೂರು ಸಲ ನೋಡಿಕೊಂಡಿದ್ದೆ. ಎಮ್ಮೆಯ ಹೊಟ್ಟೆಯಲ್ಲಿ ತೋಳು ಹಾಕುವಾಗಲೂ ಹೀಗೆ ಅಂಜಿರಲಿಲ್ಲ.

ದಾದಾಪೀರ್ ಗೋಡೆಗೆ ಒರಗಿ ನಿಂತಿದ್ದ. "ಮೇಡಂ, ನಮ್ಮ ಹಟಕ್ಕ ಇದಕ್ಕ ನೋವು ಕೊಡಾಕತ್ತೀವೇನೋ ಅನಿಸ್ತೈತೆ. ನೀವು ಮೊದ್ಲು ಹೇಳಿದ ಇಂಜೆಕ್ಷನ್ನು..." ಎಂದ.

ಅವನು ಕೇಳಿದ್ದು ತಪ್ಪಲ್ಲ. ಅಂಥ ಪ್ರಶ್ನೆಯನ್ನು ವೈದ್ಯರು ತಪ್ಪಿಸಿಕೊಳ್ಳಲೂಬಾರದು. ನಾನು ನಸ್ರೀನ್‌ಗೆ ನೇರವಾಗಿ ಹೇಳಿದೆ, "ಎಕ್ಸ್‌ರೇ ತೆಗೆಸೋಣ. ಕೀವು ಮೂಳೆಗೆ ಇಳಿದಿದ್ರೆ ನಾನೇ ನಿಲ್ಲಿಸ್ತೀನಿ, ನೀನು ತಡೀಬಾರದು. ಮೂಳೆ ಚೆನ್ನಾಗಿದ್ರೆ ನಾನು ಬಿಡೋದಿಲ್ಲ, ಅವನು ತಡೀಬಾರದು."

ಅವಳು ಮೊಲದ ಕಿವಿ ಸವರಿದಳು. "ಆತ್ರಿ. ಖರೆ ಹೇಳ್ರಿ ಆದ್ರ. ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ್ರಿ."

ಕಾವ್ಯಾಳ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. ಕಾವ್ಯಾ ಪರದೆಯ ಮೇಲೆ ತೋರಿಸಿದಾಗ ನಾನು ನನ್ನ ಕಣ್ಣನ್ನು ನಂಬದೆ ಅವಳಿಂದಲೇ ಎರಡು ಸಲ ನೋಡಿಸಿದೆ. ಮೂಳೆಯ ಅಂಚು ನಯವಾಗಿ, ಚೊಕ್ಕವಾಗಿತ್ತು, ಕೀವು ಅಲ್ಲಿಗೆ ಇಳಿದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಸ್ರೀನ್‌ಗೆ ಹೇಳಿದೆ. ವಾರ್ಡಿನಲ್ಲಿ ಎಂಥೆಂಥದ್ದನ್ನೋ ಕಂಡವಳು ಖಾಲಿ ಬುಟ್ಟಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕು ದಿನ ರಜೆ ಹಾಕಿದಳು. ಹುಲ್ಲು, ಸೊಪ್ಪು ಅರೆದು ನೀರಾಗಿಸಿ ಸಿರಿಂಜಿನಲ್ಲಿ ಎರಡು ತಾಸಿಗೊಮ್ಮೆ ಬಾಯಿಯ ಪಕ್ಕದಿಂದ ಹನಿಸಿದಳು. ದಾದಾಪೀರ್ ತಗಡಿನ ಪೆಟ್ಟಿಗೆಯೊಳಗೆ ಬಲ್ಬ್ ಕೂರಿಸಿ ಹುಲ್ಲು ಒಣಗಿಸುವ ಸಾಧನ ಮಾಡಿದ. ಮೂರನೆಯ ದಿನ ಮೋತಿ ಕೊತ್ತಂಬರಿಯ ಒಂದು ಎಸಳನ್ನು ತಾನಾಗಿ ಕಡಿಯಿತು. ಅಲ್ಲಿಂದ ಮುಂದೆ ಎಡಗಾಲಿನ ಗೆರೆಯೂ ಒಳಗೆ ಸರಿಯತೊಡಗಿತು, ಆದರೆ ಕೂದಲೆಳೆಯಷ್ಟು. ತಿಂಗಳುಗಟ್ಟಲೆ ಹಿಡಿಯಿತು. ಬೇಸರ ಬಂದ ದಿನಗಳಿದ್ದವು. ಬಿಟ್ಟ ದಿನ ಒಂದೂ ಇಲ್ಲ.

ಹೊಸಬರಿಗೆ ನಾನು ಹೇಳುವುದಿಷ್ಟು. ಕಾಲಿನ ಹುಣ್ಣು ತಂದರೆ ಕಾಲಿಗಿಂತ ಮೊದಲು ಆ ಪ್ರಾಣಿ ನಿಲ್ಲುವ ನೆಲ ನೋಡಿ. ಮನೆಯವರಿಗೆ ಬೈಯುವ ಮುಂಚೆ ಅವರಿಗೆ ಹಾಗೆ ಹೇಳಿಕೊಟ್ಟವರು ಯಾರೆಂದು ವಿಚಾರಿಸಿ. ಕೆಲವೊಮ್ಮೆ ನೀವೇ ಆಗಿರುತ್ತೀರಿ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಸಾಹೇಬರು ನಾಲ್ಕು ಒಳ್ಳೆಯ ಮಾತಾಡಿದರು. ಮರುದಿನ ಹತ್ತು ಗಂಟೆಗೆ ಎಂದಿನಂತೆ ಬ್ಯಾಗು ಹಿಡಿದು ಆನೆಕೊಂಡಕ್ಕೆ ಹೋದೆ. ಹಿಂದಿನ ವಾರವೇ ಬ್ಯಾಂಡೇಜ್ ತೆಗೆದಿದ್ದೆವು. ಎರಡೂ ಅಂಗಾಲಿನಲ್ಲಿ ಹೊಸ ಚರ್ಮ ಬಂದು ಸಣ್ಣ ರೋಮ ಮೂಡಿತ್ತು. ಆದರೂ ಮೋತಿ ಹಿಂಗಾಲನ್ನು ಊರಲು ಅಂಜುತ್ತಿತ್ತು. ನೋವು ಹೋಗಿದೆಯೋ, ಒಳಗೆ ಇನ್ನೂ ಇದೆಯೋ ಎಂಬುದೇ ನಮ್ಮ ಚಿಂತೆ. ಅದನ್ನು ಯಾವ ಎಕ್ಸ್‌ರೇಯೂ ಹೇಳುವುದಿಲ್ಲ.

ನಡುಮನೆಯಲ್ಲಿ ಕೌದಿಯ ಮೇಲೆ ಕೂತಿದ್ದ ಮೋತಿ ನನ್ನನ್ನು ಕಂಡಿತು. ಕೈಯಲ್ಲಿದ್ದ ಬ್ಯಾಗನ್ನೂ ಕಂಡಿತು. ಕಿವಿ ಹಿಂದಕ್ಕೆ ಮಲಗಿಸಿ ಒಂದೇ ನೆಗೆತಕ್ಕೆ ಮಂಚದ ಕೆಳಗೆ ನುಗ್ಗಿತು. ಒಳಗಿನಿಂದ ಧಪ್ ಎಂದು ಸದ್ದು ಬಂತು.

"ಏನಾತ್ರಿ ಅದಕ್ಕ? ಬಿತ್ತೇನು?" ಎಂದು ನಸ್ರೀನ್ ಅಡುಗೆಮನೆಯಿಂದ ಓಡಿಬಂದಳು.

ನಾನು ನೆಲಕ್ಕೆ ಬಗ್ಗಿ ನೋಡಿದೆ. ಮೊಲಕ್ಕೆ ಸಿಟ್ಟು ಬಂದರೆ, ಅಪಾಯ ಕಂಡರೆ, ಹಿಂಗಾಲೆತ್ತಿ ನೆಲಕ್ಕೆ ಬಡಿಯುತ್ತದೆ. ಹುಣ್ಣಾದ ಕಾಲಿನಲ್ಲಿ ಯಾವ ಮೊಲವೂ ಹಾಗೆ ಬಡಿಯಲಾರದು.

"ಬಿದ್ದಿಲ್ಲ ತಾಯಿ. ನನ್ನನ್ನ ಬೈತಾ ಐತೆ" ಎಂದೆ.

ನಸ್ರೀನ್ ನೆಲದ ಮೇಲೆ ಕೂತುಬಿಟ್ಟಳು. "ಒಂದು ವರ್ಷದ ಮ್ಯಾಲಾತ್ರಿ ಈ ಸದ್ದು ಕೇಳಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇನ್ನು ಪರೀಕ್ಷಿಸುವುದೇನೂ ಉಳಿದಿರಲಿಲ್ಲ. ಬ್ಯಾಗನ್ನು ಬಾಗಿಲಾಚೆ ಇಟ್ಟು ಬಂದು ಅವಳ ಪಕ್ಕದಲ್ಲಿ ಕೂತೆ. ಮಂಚದ ಕೆಳಗಿಂದ ಮೋತಿ ಇನ್ನೂ ಎರಡು ಸಲ ಬಡಿಯಿತು, ಎಡಗಾಲಿನಲ್ಲೇ.